ಗೆರೆಯಿಲ್ಲದ ಬೆಲ್ಲ

ನಮ್ಮ ಸೋದರತ್ತೆ ಮದುವೆಮನೆಗೆ ಹೋದರೆ ಮೊದಲು ಗಂಡು ಹೆಣ್ಣಿನ ಮುಖ ನೋಡುವುದಿಲ್ಲ. ಅಡುಗೆಮನೆಯ ಹಿಂದಿನ ಕಸದ ಗುಡ್ಡೆ ನೋಡುತ್ತಾರೆ!

ಇದು ಉತ್ಪ್ರೇಕ್ಷೆ ಎನ್ನುವವರು ಪಿರಿಯಾಪಟ್ಟಣದ ಆ ಛತ್ರದಲ್ಲಿ ಇರಲಿಲ್ಲ. ನಾನಿದ್ದೆ. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹಣೆಯ ವಿಭೂತಿ ಬೆವರಿನಲ್ಲಿ ಹುಬ್ಬಿಗೆ ಇಳಿಯುತ್ತಿದ್ದರೂ ಲೆಕ್ಕಿಸದೆ, ಎಂಜಲೆಲೆಗಳ ಪಕ್ಕದಿಂದ ಖಾಲಿ ಪೊಟ್ಟಣಗಳನ್ನು ಒಂದೊಂದಾಗಿ ಹೆಕ್ಕಿ ಫೋನಿಗೆ ಹಿಡಿಯುತ್ತಿದ್ದರು. ಅಡುಗೆಯವನು ಸೌಟು ಹಿಡಿದುಕೊಂಡೇ ಬಂದು, ಉಂಗುರ ಗಿಂಗುರ ಬಿದ್ದೋಯ್ತಾ ಅಮ್ಮಾವ್ರೇ ಎಂದು ಮರುಕದಿಂದ ಕೇಳಿದ.

"ಉಂಗ್ರ ಅಲ್ಲ ಕಣಪ್ಪ. ಆ ಜಿಲೇಬಿಗೆ ನೀನು ಅದೇನು ಸುರಿದಿದ್ದೀಯ ಅಂತ ನೋಡ್ತಾ ಇವ್ನಿ."

ಆಮೇಲೆ ಅತ್ತೆ ಊಟದ ಮನೆಗೆ ಹೋಗಿ, ಮಕ್ಕಳ ಪಂಕ್ತಿಯ ಎಲೆಗಳಿಂದ ಜಿಲೇಬಿಗಳನ್ನು ವಾಪಸ್ ತೆಗೆದರು. ಬಡಿಸುವವರನ್ನು ನೋಡಿದ್ದೇನೆ, ಬಡಿಸಿದ್ದನ್ನು ಎತ್ತುವವರನ್ನು ಅಂದೇ ನೋಡಿದ್ದು. ಹೆಣ್ಣಿನ ತಂದೆ ಇವತ್ತಿಗೂ ನಮ್ಮ ಮನೆಯವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ನಗುವವರು ನಗಿ. ನಾನೂ ನಗುತ್ತಲೇ ಬರೆಯಲು ಕೂತಿದ್ದೇನೆ, ಹಲ್ಲು ಕಚ್ಚಿಕೊಂಡು ಬರೆದರೆ ಅಕ್ಷರ ಕೆಡುತ್ತದೆ. ಒಳಗಿರುವುದು ಮಾತ್ರ ಕೋಪವೇ. ಅದು ಯಾರ ಮೇಲೆ ಎಂದು ಮೊದಲು ನನಗೆ ಸ್ಪಷ್ಟವಿತ್ತು. ಈಗ ಅಷ್ಟು ಸ್ಪಷ್ಟವಿಲ್ಲ. ಅದಕ್ಕೇ ನಡೆದದ್ದನ್ನು ನಡೆದಂತೆ, ನಿಧಾನವಾಗಿ ಹೇಳುತ್ತೇನೆ.

ನನ್ನ ಮಗಳಿಗೆ ಉಬ್ಬಸ. ಹುಣಸೂರಿನಲ್ಲಿ ಒಂದನೇ ತರಗತಿ ಓದುತ್ತಾಳೆ. ಮೊದಲ ಸಲ ಜೋರಾಗಿ ಬಂದದ್ದು ಒಂದು ಮಧ್ಯಾಹ್ನ, ಶಾಲೆಯಿಂದ ಬರುತ್ತಾ ಗೇಟಿನೆದುರಿನ ಅಂಗಡಿಯಲ್ಲಿ ಕೊಂಡ ಕಿತ್ತಳೆ ಬಣ್ಣದ ಕುರುಕಲು ತಿಂದ ಮೇಲೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ಒಂದು ಪದ ಹೇಳಿ ನಿಲ್ಲುತ್ತಿದ್ದಳು, ಇನ್ನೊಂದು ಪದಕ್ಕೆ ಗಾಳಿ ಸಾಲುತ್ತಿರಲಿಲ್ಲ. ಆ ದಿನ ರಾವಂದೂರಿನಿಂದ ಅತ್ತೆ ಬಂದಿದ್ದರು. ಆಟೋದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರು ಅವರೇ. ಆಸ್ಪತ್ರೆಯಲ್ಲಿ ಮುಖಕ್ಕೆ ಹೊಗೆಯಂಥ ಔಷಧಿ ಹಿಡಿದು, ಉಸಿರು ಸಡಿಲವಾದ ಮೇಲೆ ಡಾಕ್ಟರಮ್ಮ ಹೇಳಿದ್ದು ಇಷ್ಟು: ಉಬ್ಬಸ ಇರುವ ಕೆಲವು ಮಕ್ಕಳಿಗೆ ಕೆಲವು ಬಣ್ಣ, ಆಹಾರ ಕೆಡದಂತೆ ಹಾಕುವ ಕೆಲವು ಪುಡಿ ಒಗ್ಗುವುದಿಲ್ಲ. ಯಾವುದು ಎಂದು ನೀವೇ ಗಮನಿಸಿ ಕಂಡುಹಿಡಿಯಬೇಕು. ಇನ್ಹೇಲರ್ ಮಾತ್ರ ತಪ್ಪಿಸಬೇಡಿ.

ಅತ್ತೆ ಮಗುವಿನ ಜೇಬಿನಿಂದ ಆ ಪೊಟ್ಟಣ ತೆಗೆದು, ಕನ್ನಡಕ ಹಾಕಿ, ಕನ್ನಡಕ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡಿದರು. ಹೆಸರು ಅಂಗೈ ಅಗಲ. ಚಿತ್ರದಲ್ಲಿ ಒಂದು ಕೋತಿ ನಗುತ್ತಿತ್ತು. ಒಳಗೆ ಏನಿದೆ ಎಂಬುದು ಮಾತ್ರ ಪೊಟ್ಟಣದ ಅಂಟಿನ ಮಡಿಕೆಯಲ್ಲಿ, ಎಳ್ಳಿಗಿಂತ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ.

"ಇದನ್ನ ಯಾರು ಓದ್ಲಿ ಅಂತ ಬರ್ದವ್ರೆ ಕಣ್ಲಾ, ಇರುವೆನಾ?"

ಮಕ್ಕಳು ತಿನ್ನುವ ವಸ್ತು, ಮಕ್ಕಳ ತಾಯಂದಿರಿಗೆ ಓದಲು ಬಾರದ ಭಾಷೆ, ಯಾರಿಗೂ ಕಾಣದ ಅಕ್ಷರ! ನಮ್ಮ ತಾಲ್ಲೂಕಿನಲ್ಲಿ ಹಸುವಿನ ಹಿಂಡಿಯ ಚೀಲದ ಮೇಲೂ ಇದಕ್ಕಿಂತ ದಪ್ಪಕ್ಷರ ಇರುತ್ತದೆ. ಹಸುವಿಗೆ ಹೆಚ್ಚುಕಮ್ಮಿಯಾದರೆ ಡೈರಿಯಲ್ಲಿ ಹಾಲು ಕಮ್ಮಿಯಾಗುತ್ತದೆ, ಆಗ ಯಾರಾದರೂ ಕೇಳುತ್ತಾರೆ. ಮಗುವಿಗೆ ಹೆಚ್ಚುಕಮ್ಮಿಯಾದರೆ ಎಲ್ಲಿ ಕಮ್ಮಿಯಾಗುತ್ತದೆ?

ಆಪ್ ಬಂದದ್ದು ಆಮೇಲೆ. ರಾವಂದೂರಿನ ಹೆಂಗಸರ ಸಂಘದ ಸಭೆಗೆ ಬಂದ ಒಬ್ಬಳು ಹುಡುಗಿ ಅದನ್ನು ಎಲ್ಲರ ಫೋನಿಗೂ ಹಾಕಿಕೊಟ್ಟು ಹೋದಳು. ಪೊಟ್ಟಣದ ಬೆನ್ನಿನ ಕಪ್ಪು ಗೆರೆಗಳಿಗೆ ಫೋನ್ ಹಿಡಿದರೆ ಸಾಕು, ಒಳಗೆ ಏನೇನು ಬೆರೆಸಿದೆ ಎಂದು ದಪ್ಪ ಕನ್ನಡದಲ್ಲಿ ಬರುತ್ತದೆ. ಮೇಲೊಂದು ದುಂಡು ಬೊಟ್ಟು: ಹಸಿರಾದರೆ ಕೊಡಬಹುದು, ಹಳದಿಯಾದರೆ ಯೋಚಿಸಬೇಕು, ಕೆಂಪಾದರೆ ಮಕ್ಕಳಿಗೆ ಬೇಡ. ಸಂಘದ ಉಳಿದ ಹೆಂಗಸರು ಒಂದೆರಡು ದಿನ ಬಿಸ್ಕತ್ತು ಹಿಡಿದು ನೋಡಿ ಸುಮ್ಮನಾದರು. ನಮ್ಮ ಅತ್ತೆ ಸುಮ್ಮನಾಗುವ ಪೈಕಿಯಲ್ಲ.

ಬಣ್ಣ, ಪುಡಿಗಳಿಗೆಲ್ಲ ಒಂದೊಂದು ನಂಬರ್ ಇರುತ್ತದಷ್ಟೆ. ಅತ್ತೆ ಅವನ್ನೆಲ್ಲ ಬೀಗರ ಮನೆಯ ಗಂಡಸರಂತೆ ಗುರುತಿಟ್ಟುಕೊಂಡರು. ನೂರಾ ಎರಡು ಹಳದಿಯವನು. ನೂರಾ ಹತ್ತು ಅವನ ತಮ್ಮ, ಕಿತ್ತಳೆ ಮುಖದವನು. ಇನ್ನೂರ ಹನ್ನೊಂದು ಬಾಟಲಿಯೊಳಗೆ ಅಡಗುವವನು. ಮುನ್ನೂರ ಮೂವತ್ತು ಎಂಬುವನಂತೂ ಎಲ್ಲ ಮನೆಯಲ್ಲೂ ಇದ್ದಾನೆ, ದೊಡ್ಡ ಕಳ್ಳ ಎಂದು ಗುಮಾನಿ. ಅದು ನಿಂಬೆಹಣ್ಣಿನಲ್ಲೂ ಇರುವ ಹುಳಿ, ಅಷ್ಟಕ್ಕೆಲ್ಲ ಹೆದರಬೇಕಿಲ್ಲ ಎಂದು ಆ ಹುಡುಗಿ ಫೋನಿನಲ್ಲಿ ತಿಳಿಹೇಳಿದ ಮೇಲೆ ಗುಮಾನಿ ಬಿಟ್ಟರು. ಹಿತ್ತಲಿನ ನಿಂಬೆಗಿಡವನ್ನು ಮಾತ್ರ ಕೆಲವು ದಿನ ಓರೆಗಣ್ಣಿನಿಂದ ನೋಡುತ್ತಿದ್ದರು.

ಹುಣಸೂರಿನ ಬಸ್ ನಿಲ್ದಾಣದ ಸಂಗತಿ ಹೇಳಲೇಬೇಕು. ಅತ್ತೆಯನ್ನು ಬಸ್ ಹತ್ತಿಸಲು ಹೋಗಿದ್ದೆ. ಬೆಂಚಿನ ಮೇಲೆ ಅಪ್ಪನ ಪಕ್ಕ ಒಬ್ಬ ಪುಟ್ಟ ಹುಡುಗ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ. ಅತ್ತೆ ಬಾಗಿ ಫೋನ್ ಹಿಡಿದರು, ನೆಟ್ಟಗಾದರು, ಅಪ್ಪನಿಗೆ ವರದಿ ಒಪ್ಪಿಸಿದರು.

"ಒಳಗೆ ನೂರಾ ಎರಡು ಅವ್ನೆ, ನೂರಾ ಹತ್ತೂ ಅವ್ನೆ ಕಣಪ್ಪ."

"ಯಾರಮ್ಮ ಅವ್ರು? ಇಲ್ಲಿರೋದು ನಾನು, ನನ್ ಮಗ."

ನಾನು ಕಂಬದ ಮರೆಗೆ ಸರಿದೆ. ಅತ್ತೆ ವಿವರಿಸಿದರು. ಆತನಿಗೆ ಸಿಟ್ಟು ಬಂತು, ಬರುವುದು ನ್ಯಾಯವೇ. ಮಗು ನಮ್ಮದು, ದುಡ್ಡು ನಮ್ಮದು, ನಿಮಗೇನು ನಷ್ಟ ಎಂದ.

"ಮಗು ನಿಂದು, ದುಡ್ಡು ನಿಂದು, ಒಪ್ದೆ. ಹೊಟ್ಟೆ ಅದ್ರದು. ಅದನ್ನ ಯಾರೂ ಕೇಳ್ಲೇ ಇಲ್ವಲ್ಲಪ್ಪ."

ಆತ ಸ್ವಲ್ಪ ಹೊತ್ತು ಮಗನ ಹೊಟ್ಟೆಯನ್ನೇ ನೋಡಿದ. ಆಮೇಲೆ ಫೋನ್ ತೆಗೆದು ಅತ್ತೆಯ ಕೈಗಿಟ್ಟ. ಅವರು ಪಕ್ಕದಲ್ಲೇ ಕೂತು ಆಪ್ ಹಾಕಿಸಿ, ತಮ್ಮ 'ತಾಯಂದಿರೇ ಎಚ್ಚರ' ಎಂಬ ವಾಟ್ಸಾಪ್ ಗುಂಪಿಗೂ ಸೇರಿಸಿಕೊಂಡರು. ಆ ಗುಂಪಿನ ಏಕೈಕ ಗಂಡಸು ಆತ! ಈ ಕೆಲಸದ ನಡುವೆ ಆತನ ಬಸ್ಸು ಹೋಯಿತು, ಅತ್ತೆಯ ಬಸ್ಸೂ ಹೋಯಿತು, ಹುಡುಗ ಪೊಟ್ಟಣ ಪೂರ್ತಿ ಮುಗಿಸಿದ್ದ.

ಅಂತರಸಂತೆಯ ನಾಮಕರಣದಲ್ಲಿ ಇದಕ್ಕಿಂತ ಕಷ್ಟವಾಯಿತು. ಕಾಕನಕೋಟೆ ಕಾಡಿನ ಮಗ್ಗುಲ ಊರು, ಫೋನಿಗೆ ಸಿಗ್ನಲ್ ಸಿಗದು. ಬಂದವರಿಗೆ ಕೊಡಲು ಕೆಂಪು ಪಾನಕದ ಬಾಟಲಿಗಳು ಸಾಲಾಗಿ ಕೂತಿದ್ದವು. ಆಪಿನಲ್ಲಿ ಬಿಳಿ ಉಂಗುರ ಸುಮ್ಮನೆ ಸುತ್ತುತ್ತಿತ್ತು. ಅತ್ತೆ ಒಂದು ಬಾಟಲಿಯನ್ನು ಕಂಕುಳಲ್ಲಿ ಇರುಕಿಕೊಂಡು ನೀರಿನ ಟ್ಯಾಂಕಿನ ಏಣಿ ಹತ್ತಿದರು. ಕೆಳಗೆ ನಿಂತ ಬೀಗರು, ಇಳೀರಮ್ಮ, ಆನೆ ಬರೋ ಹೊತ್ತು ಎಂದು ಬೇಡಿಕೊಂಡರು. ಆನೆ ಬರ್ಲಿ, ಅದು ಗೆರೆ ಇರೋದು ಏನೂ ತಿನ್ನಲ್ಲ, ನಿಮಗಿಂತ ವಾಸಿ ಎಂದು ಮೇಲಿಂದ ಉತ್ತರ ಬಂತು. ಕೊನೆಗೂ ಸಿಗ್ನಲ್ ಸಿಕ್ಕಿ, ಕೆಂಪು ಬೊಟ್ಟು ಬಂದು, ಅತ್ತೆ ವಿಜಯಿಯಾಗಿ ಇಳಿಯುವಷ್ಟರಲ್ಲಿ ಊರಿನ ಮಕ್ಕಳ ನಾಲಿಗೆಯೆಲ್ಲ ಕೆಂಪಾಗಿತ್ತು.

ಇಷ್ಟೆಲ್ಲ ಎಚ್ಚರದ ನಡುವೆಯೂ ಮಗಳಿಗೆ ಆಗಾಗ ಉಬ್ಬಸ ಏಳುತ್ತಲೇ ಇತ್ತು. ಮೊದಲ ಸಲದಷ್ಟು ಜೋರಲ್ಲ. ಸಂಜೆಗೆ ಕೆಮ್ಮು, ಎದೆಯಲ್ಲಿ ಸಣ್ಣ ಸಿಳ್ಳೆ, ಎರಡು ಸಲ ಇನ್ಹೇಲರ್ ಎಳೆದರೆ ಸರಿ. ನನ್ನ ಹೆಂಡತಿ ಒಂದು ವಿಷಯ ಗಮನಿಸಿದ್ದಳು, ಹೇಳಲು ಹಿಂಜರಿಯುತ್ತಿದ್ದಳು. ಅತ್ತೆ ಬಂದ ದಿನವೇ ಹೆಚ್ಚಾಗಿ ಹೀಗಾಗುತ್ತಿತ್ತು. ಅಜ್ಜಿಯನ್ನು ಕಂಡ ಖುಷಿಗೆ ಓಡಾಡಿ ಆಯಾಸವಾಗುತ್ತದೇನೋ ಎಂದೆ. ಅತ್ತೆಯಂತೂ ಪ್ರತಿ ಸಲವೂ ನಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತಪಾಸಣೆ ಮಾಡಿ, ಏನಾದರೊಂದನ್ನು ಹಿಡಿದು, ಬೈದು, ಎಸೆಯುತ್ತಿದ್ದರು. ಎಸೆಯಲು ಏನೂ ಉಳಿಯದಾಗ ನನ್ನ ಶೇವಿಂಗ್ ಕ್ರೀಮಿಗೂ ಫೋನ್ ಹಿಡಿದರು.

ಈಗ ಬೆಲ್ಲದ ವಿಷಯ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ, ನೀರು. ಕಾಫಿ ಆಮೇಲೆ. ಅತ್ತೆಯ ತವರು, ಅಂದರೆ ನಮ್ಮ ಮೂಲಮನೆ, ಕೆ.ಆರ್. ನಗರದ ಕಡೆಯ ಕಬ್ಬಿನ ಊರು. ಅಲ್ಲಿ ಅವರ ತಮ್ಮ, ನನ್ನ ಚಿಕ್ಕಪ್ಪ, ಆಲೆಮನೆ ನಡೆಸುತ್ತಾರೆ. ಅಲ್ಲಿಂದ ಅಕ್ಕನ ಮನೆಗೆ ಬೆಲ್ಲ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಆ ಬೆಲ್ಲ ಹೊಂಬಣ್ಣ! ಅಚ್ಚಿನಿಂದ ಬಿದ್ದ ಚಿನ್ನದ ಗಟ್ಟಿಯ ಹಾಗೆ. ಒಂದು ಕಾಲದಲ್ಲಿ ಚಿಕ್ಕಪ್ಪ ಕಪ್ಪಗಿನ ಅಚ್ಚು ಕಳಿಸಿದ್ದರಂತೆ. ಇದೇನು ಕರು ಹಾಕಿದ ಹಸಕ್ಕೆ ಕೊಡೋ ಬೆಲ್ಲನಾ, ಬೀಗರೆದುರು ತಟ್ಟೇಲಿ ಹೆಂಗಿಡ್ಲಿ ಎಂದು ಅತ್ತೆ ಅದೇ ಚೀಲದಲ್ಲಿ ವಾಪಸ್ ಕಳಿಸಿದ ಕಥೆಯನ್ನು ನಮ್ಮ ಮನೆಯಲ್ಲಿ ಹೇಳಿ ಹೇಳಿ ನಕ್ಕಿದ್ದೇವೆ. ಆಮೇಲೆ ಕಪ್ಪು ಬೆಲ್ಲ ಬಂದದ್ದಿಲ್ಲ. ಅತ್ತೆ ನಮ್ಮ ಮನೆಗೆ ಬರುವಾಗಲೆಲ್ಲ ಆ ಹೊಂಬಣ್ಣದ ಅಚ್ಚುಗಳನ್ನು ತಂದು, ಮೊದಲ ಚೂರನ್ನು ಮಗಳ ಬಾಯಿಗೆ ಇಡುತ್ತಿದ್ದರು.

ಓದುವವರಿಗೆ ಈಗಾಗಲೇ ಗೊತ್ತಾಗಿರಬಹುದು. ನಮಗೆ ಗೊತ್ತಾಗಿರಲಿಲ್ಲ.

ಮಗಳ ಶಾಲೆಯ ಪೋಷಕರ ಸಭೆಗೆ ಅತ್ತೆ ತಾವೇ ತಮ್ಮನ್ನು ಆಹ್ವಾನಿಸಿಕೊಂಡರು. ಹೆಡ್ ಮೇಡಂ ಹತ್ತು ನಿಮಿಷ ಕೊಟ್ಟರು. ಅತ್ತೆ ಗಡಿಯಾರಕ್ಕೆ ಬೆನ್ನು ಮಾಡಿ ನಿಂತರು. ಖಾಲಿ ಪೊಟ್ಟಣಗಳನ್ನು ಮೇಜಿನ ಮೇಲೆ ಸುರಿದು, ಎಲ್ಲರಿಗೂ ಆಪ್ ಹಾಕಿಸಿ ತಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡು, ಒಂದೊಂದರ ಗೆರೆಗೂ ಫೋನ್ ಹಿಡಿಸಿ, ಬಣ್ಣ ಕೂಗಿಸಿದರು. ಕೆಂಪು ಎಂದು ಮೊದಲು ಮೆಲ್ಲಗೆ ಹೇಳಿದ ತಾಯಂದಿರು ಆಮೇಲೆ ಸಿಟ್ಟಿನಿಂದ ಹೇಳತೊಡಗಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೊದಲ ಸಲ ನನಗೆ ನಾಚಿಕೆಯಾಗಲಿಲ್ಲ.

ಆಗ ಗುರುಪುರದ ಒಬ್ಬ ತಾಯಿ ಎದ್ದಳು. ಕೈಯಲ್ಲಿ ಹೊಗೆಸೊಪ್ಪಿನ ಅಂಟು ಇನ್ನೂ ಕಪ್ಪಗಿತ್ತು.

"ಬೆಳಿಗ್ಗೆ ಸೊಪ್ಪು ಮುರಿಯೋಕೆ ಹೋದ್ರೆ ಬರೋದು ಸಂಜೆ ಕಣಜ್ಜಿ. ಮಗ ಅಳ್ತಾ ಇರ್ತದೆ. ಐದು ರೂಪಾಯಿ ಪೊಟ್ಟಣ ಅದ್ರ ಬಾಯಿ ಮುಚ್ಚಿಸ್ತದೆ. ಅದೂ ಬ್ಯಾಡ, ಇದೂ ಬ್ಯಾಡ ಅಂದ್ರಿ. ಏನು ಕೊಡ್ಲಿ, ಅದನ್ನ ಯೇಳಿ."

ಇಡೀ ಸಭೆಯಲ್ಲಿ ಅದೊಂದೇ ಪ್ರಶ್ನೆ. ಅತ್ತೆಗೆ ಉತ್ತರ ಗೊತ್ತಿತ್ತು. ಚೀಲದಿಂದ ಹುರಿದ ಕಡಲೆಬೀಜ ತೆಗೆದರು, ಹೊಂಬಣ್ಣದ ಬೆಲ್ಲ ತೆಗೆದರು, ಒಂದು ಅಚ್ಚನ್ನು ಎತ್ತಿ ಹಿಡಿದು ಸುತ್ತ ತಿರುಗಿಸಿದರು.

"ಇದು ಕೊಡವ್ವ. ಇದ್ರ ಮೈಮೇಲೆ ಒಂದಾದ್ರೂ ಗೆರೆ ಐತಾ? ಗೆರೆ ಇಲ್ಲ ಅಂದ್ರೆ ಒಳಗೆ ಕಳ್ಳ ಇಲ್ಲ."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮಕ್ಕಳೆಲ್ಲ ಸಾಲಾಗಿ ಬಂದು ಬೆಲ್ಲ ತೆಗೆದುಕೊಂಡರು. ಭಾಷಣಕಾರರ ಮೊಮ್ಮಗಳು ಎಂಬ ಹಕ್ಕಿನಲ್ಲಿ ನನ್ನ ಮಗಳು ಎರಡು ದೊಡ್ಡ ತುಂಡು ತಿಂದಳು.

ಶಾಲೆಯ ಗೇಟು ದಾಟುವ ಮೊದಲೇ ಕೆಮ್ಮು ಶುರುವಾಯಿತು. ಆಸ್ಪತ್ರೆ ತಲುಪುವಷ್ಟರಲ್ಲಿ ಮತ್ತೆ ಅದೇ, ಒಂದು ಪದ, ಗಾಳಿಗಾಗಿ ಕಾಯುವುದು, ಇನ್ನೊಂದು ಪದ. ತುಟಿಯ ಅಂಚು ಕಂದಿತ್ತು. ಔಷಧಿಯ ಹೊಗೆಯ ಹಿಂದೆ ಅವಳ ಕಣ್ಣು ಅಜ್ಜಿಯನ್ನೇ ನೋಡುತ್ತಿತ್ತು. ಅಜ್ಜಿ ಬೆಳಗಿನಿಂದ ಮಗು ತಿಂದದ್ದನ್ನೆಲ್ಲ ಡಾಕ್ಟರಮ್ಮನಿಗೆ ಒಪ್ಪಿಸುತ್ತಿದ್ದರು: ಮನೆಯ ಇಡ್ಲಿ, ಮನೆಯ ಚಟ್ನಿ, ಹಸಿರು ಬೊಟ್ಟಿನ ಬಿಸ್ಕತ್ತು. ಕೆಂಪು ಇಲ್ಲ, ಹಳದಿಯೂ ಇಲ್ಲ. ಎಲ್ಲ ನಾನೇ ನೋಡಿ ಕೊಟ್ಟಿದ್ದು ಎಂದರು. ಕೊನೆಗೆ, ಒಂದು ಚೂರು ಬೆಲ್ಲ ಎಂದರು.

ಬೆಲ್ಲ ಯಾವ ಬಣ್ಣ ಎಂದು ಡಾಕ್ಟರಮ್ಮ ಕೇಳಿದರು. ಅತ್ತೆ ಚೀಲದಲ್ಲಿ ಉಳಿದಿದ್ದ ಅಚ್ಚನ್ನು ತೆಗೆದು ತೋರಿಸಿದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಹೀಗೆ ಹಳದಿಯಾಗಲಿ ಎಂದು ಪಾಕಕ್ಕೆ ಕೆಲವರು ಪುಡಿ ಹಾಕುತ್ತಾರೆ, ಅದರಲ್ಲಿ ಗಂಧಕದ ಅಂಶ ಇರುತ್ತದೆ, ಇಂಥ ಮಕ್ಕಳಿಗೆ ಅದರಿಂದ ಉಬ್ಬಸ ಏಳಬಹುದು, ಇದರಲ್ಲಿ ಇದೆ ಎಂದು ನಾನು ಹೇಳಲಾರೆ, ಮಾಡಿದವರನ್ನು ಕೇಳಿ ಎಂದರು. ಅಷ್ಟು ಹೇಳಿ ಬೇರೆ ಮಗುವನ್ನು ನೋಡಲು ಹೋದರು.

ಅತ್ತೆ ಅಚ್ಚನ್ನು ಬೆಂಚಿನ ಮೇಲಿಟ್ಟರು. ಫೋನ್ ತೆಗೆದರು. ಅದರ ಮೇಲೆ ಹಿಡಿದರು. ಈ ಕಡೆಯಿಂದ, ಆ ಕಡೆಯಿಂದ, ತಿರುಗಿಸಿ ತಳದಿಂದ. ಫೋನು ಗೆರೆಗಾಗಿ ಹುಡುಕುತ್ತಲೇ ಇತ್ತು. ಅತ್ತೆಯ ಕೈ ಇಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಫೋನಿನ ಪರದೆ ತಾನಾಗಿ ಆರಿತು.

ಮಗಳು ಸಂಜೆಗೆ ಸುಧಾರಿಸಿಕೊಂಡಳು. ಮರುದಿನ ಅತ್ತೆ, ನಾನು ಆಲೆಮನೆಗೆ ಹೋದೆವು. ದಾರಿಯಲ್ಲಿ ನನಗೆ ಚಿಕ್ಕಪ್ಪನ ಮೇಲೆ ಬಂದ ಕೋಪವನ್ನು ಇಲ್ಲಿ ಬರೆದರೆ ಸಂಬಂಧ ಉಳಿಯುವುದಿಲ್ಲ. ಕಂಪನಿಯವರು ಯಾರೋ ಎಲ್ಲೋ ಇರುವವರು, ನಮ್ಮ ಮಗುವಿನ ಮುಖ ಕಂಡವರಲ್ಲ. ಇವರು ಅವಳನ್ನು ಎತ್ತಿ ಆಡಿಸಿದವರು! ಮಾತಿನಲ್ಲಿ ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ.

ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಚಿಕ್ಕಪ್ಪ ಸೌದೆಯ ಮೇಲೆ ಟವಲು ಹಾಸಿ, ಕೂತ್ಕೋ ಅಕ್ಕ ಎಂದರು. ಬೆಲ್ಲ, ನೀರು ತರಿಸಿದರು. ಅತ್ತೆ ಮುಟ್ಟಲಿಲ್ಲ. ನಿಂತೇ ಕೇಳಿದರು.

"ಪುಡಿ ಹಾಕ್ತೀಯೇನ್ಲಾ?"

"ಹಾಕ್ತೀವಿ ಅಕ್ಕ. ಹಾಕ್ದೆ ಹೆಂಗೆ ಈ ಬಣ್ಣ ಬತ್ತದೆ? ಕಬ್ಬು ಏನು ಅರಿಶಿನವಾ?"

ಮುಚ್ಚುಮರೆ ಇಲ್ಲ, ತಡವರಿಕೆಯೂ ಇಲ್ಲ. ಮಂಡಿಯಲ್ಲಿ ವ್ಯಾಪಾರಿಗಳು ಕಪ್ಪು ಬೆಲ್ಲವನ್ನು ಕಾಲಲ್ಲಿ ಒದ್ದು ಪಕ್ಕಕ್ಕೆ ತಳ್ಳುತ್ತಾರೆ, ಹಳದಿಯದಕ್ಕೆ ಮುಗಿಬೀಳುತ್ತಾರೆ, ಕೊಳ್ಳುವ ಹೆಂಗಸರೂ ಹಳದಿ ಇರೋದೇ ಕೊಡಿ ಅನ್ನುತ್ತಾರೆ ಎಂದು ಚಿಕ್ಕಪ್ಪ ವಿವರಿಸಿದರು. ಅತ್ತೆಯ ದನಿ ಏರಿತು. ಮಗು ಸಾಯ್ತಿತ್ತು ಕಣೋ, ನನ್ನ ಮನೆಗೂ ಅದನ್ನೇ ಕಳಿಸಿದೆಯಲ್ಲ, ಒಡಹುಟ್ಟಿದವಳಿಗೆ ಎಂದರು. ನಾನು ಜೋಡಿಸಿಟ್ಟಿದ್ದ ಮಾತುಗಳೆಲ್ಲ ಅವರ ಬಾಯಿಂದಲೇ ಬಂದವು. ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಮಗುವಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಅವರು ಕೊಪ್ಪರಿಗೆಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು:

"ಪುಡಿ ಹಾಕ್ದೆ ಇರೋದನ್ನೇ ಮೊದ್ಲು ಕಳ್ಸಿದ್ದೆ ಅಕ್ಕ. ವಾಪಸ್ ಕಳ್ಸಿದ್ಯಾರು?"

ನಾವು ಹೇಳಿ ಹೇಳಿ ನಕ್ಕಿದ್ದ ಕಥೆ. ಅತ್ತೆ ಟವಲಿನ ಮೇಲೆ ಕೂತರು.

ನನ್ನ ಕೋಪ ಅಲ್ಲಿಯವರೆಗೆ ನೆಟ್ಟಗೆ ಬಂದಿತ್ತು. ಅಲ್ಲಿ ಅದಕ್ಕೆ ದಾರಿ ತಪ್ಪಿತು. ಸಣ್ಣ ಅಕ್ಷರ ಬರೆದವರ ಮೇಲೆ ಅದು ಹಾಗೆಯೇ ಇದೆ, ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಆದರೆ ತಟ್ಟೆಯಲ್ಲಿ ಚೆಂದ ಕಾಣಲಿ ಎಂದು ಆಸೆಪಟ್ಟ ನಮ್ಮೆಲ್ಲರನ್ನು ಹಿಡಿದು ತೋರಿಸಲು ಯಾವ ಗೆರೆಯನ್ನು ಹುಡುಕಲಿ?

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮುಂದಿನ ಕೊಪ್ಪರಿಗೆಗೆ ಪುಡಿ ಬೇಡ, ನಮ್ಮಪ್ಪ ಮಾಡುತ್ತಿದ್ದ ಹಾಗೆ ಬೆಂಡೆಗಿಡದ ಲೋಳೆ ಹಾಕಿ ಪಾಕದ ಕೊಳೆ ತೆಗೆ ಎಂದರು. ಹಿತ್ತಲಿಂದ ಬೆಂಡೆಗಿಡ ತಾವೇ ಕಿತ್ತು ತಂದು, ಜಜ್ಜಿ, ನೀರಲ್ಲಿ ಕಿವುಚಿದರು. ಸಂಜೆಯವರೆಗೂ ಒಲೆಯ ಮುಂದೆಯೇ ಕೂತಿದ್ದರು. ಅಚ್ಚಿನಿಂದ ಬಿದ್ದ ಬೆಲ್ಲ ಹುಣಸೆಹಣ್ಣಿನ ಬಣ್ಣಕ್ಕಿತ್ತು. ಚಿಕ್ಕಪ್ಪ ಅದನ್ನು ಚೀಲಕ್ಕೆ ತುಂಬುತ್ತಾ, ಈ ಸಲ ವಾಪಸ್ ಬರಲ್ಲ ತಾನೇ ಎಂದರು. ಅಕ್ಕ ತಮ್ಮನ ತಲೆಗೆ ಮೊಟಕಿದರು.

ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತೆ ಗುಂಪಿಗೆ ಧ್ವನಿ ಸಂದೇಶ ಕಳಿಸಿದರು. ಅವರ ಸಂದೇಶಗಳು ಸಾಮಾನ್ಯವಾಗಿ ಹುಣಸೂರಿನಲ್ಲಿ ಶುರುವಾಗಿ ಪಿರಿಯಾಪಟ್ಟಣದಲ್ಲಿ ಮುಗಿಯುತ್ತವೆ. ಇದು ಗಿಡ್ಡಕ್ಕಿತ್ತು.

"ನಾನು ಕೊಟ್ಟ ಬೆಲ್ಲ ಮನೇಲಿದ್ರೆ ಮಕ್ಕಳಿಗೆ ಕೊಡಬ್ಯಾಡಿ. ಅದ್ರಲ್ಲಿ ಪುಡಿ ಐತೆ. ಗೆರೆ ಇಲ್ದಿದ್ರೆ ಕಳ್ಳ ಇಲ್ಲ ಅಂದ್ನಲ್ಲ, ಅದು ನನ್ ತಪ್ಪು ಕಣ್ರವ್ವ."

ಬಸ್ಸು ಅರ್ಧ ದಾರಿ ಬಂದ ಮೇಲೆ ಗುರುಪುರದ ಆ ತಾಯಿಯ ಸಂದೇಶ ಬಂತು. ಪುಡಿ ಹಾಕದ್ದು ಎಲ್ಲಿ ಸಿಗ್ತದೆ ಯೇಳಜ್ಜಿ, ನಮ್ಮ ಮಗ ಕಾಯ್ತಾ ಅವ್ನೆ ಎಂದಿದ್ದಳು. ಅತ್ತೆ ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡರು. ಮುಂದಿನ ವಾರ ಅವಳ ಮನೆಗೆ ಚೀಲ ತಲುಪಿತು.

ಅತ್ತೆ ಈಗಲೂ ಅಂಗಡಿಗಳಲ್ಲಿ ಫೋನ್ ಹಿಡಿಯುತ್ತಾರೆ, ಈಗಲೂ ಬೈಯುತ್ತಾರೆ, ಮದುವೆಮನೆಗಳ ಹಿಂದೆ ಈಗಲೂ ಕಾಣಸಿಗುತ್ತಾರೆ. ಅದೊಂದೂ ಬದಲಾಗಿಲ್ಲ. ನಮ್ಮ ಮನೆಗೆ ಬಂದಾಗ ಮಾತ್ರ ಒಂದು ಹೊಸ ಕ್ರಮ. ಚೀಲ ಬಿಚ್ಚುವುದಿಲ್ಲ, ಫೋನನ್ನು ಕಿಟಕಿಯ ಮೇಲಿಡುತ್ತಾರೆ, ಕಾಲು ತೊಳೆದು ಬಂದು ನೆಲದ ಮೇಲೆ ಕೂರುತ್ತಾರೆ. ಮಗಳು ತಾನಾಗಿ ಬಂದು ಬೆನ್ನು ತಿರುಗಿಸಿ, ಜಡೆಯನ್ನು ಎತ್ತಿ ಮುಂದಕ್ಕೆ ಹಾಕಿಕೊಳ್ಳುತ್ತಾಳೆ. ಅತ್ತೆ ಆ ಪುಟ್ಟ ಬೆನ್ನಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಅವಳು ಉಸಿರೆಳೆಯುವುದನ್ನೂ ಬಿಡುವುದನ್ನೂ ಕೇಳುತ್ತಾರೆ. ಆಗ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವುದಿಲ್ಲ.

ಮೊನ್ನೆ ಕಿವಿ ತೆಗೆಯಲು ಬಹಳ ತಡವಾಯಿತು. ಮಗಳಿಗೆ ತಾಳ್ಮೆ ಮುಗಿಯಿತು.

"ಯಾವ ಬಣ್ಣ ಅಜ್ಜಿ?"

"ಹಸಿರು ಕಣವ್ವ," ಎಂದರು ಅತ್ತೆ. ಕಿವಿಯನ್ನು ಮಾತ್ರ ಇನ್ನೂ ಅಲ್ಲಿಂದ ತೆಗೆದಿರಲಿಲ್ಲ.